ದ್ವೀಪಕ್ಕೆ ಇರುವುದು ಒಂದೇ ಬಾಗಿಲು

ಮಾರ್ಚ್ ಇನ್ನೂ ಬಂದಿಲ್ಲ, ಆಗಲೇ ರಜೆಯ ಪತ್ರಗಳು ಶುರುವಾಗಿವೆ. ಈ ತಿಂಗಳು ಬಂದವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದ್ವೀಪಗಳದ್ದೇ. ಬಾಲಿ, ಮಾಲ್ಡೀವ್ಸ್, ಲಕ್ಷದ್ವೀಪದ ಅಗತ್ತಿ, ಸ್ಪೇನಿನ ಟೆನೆರಿಫೆ. ಯಾವ ಬೀಚ್ ಚೆನ್ನ, ಯಾವ ಹೋಟೆಲ್ ಅಗ್ಗ ಅಂತ ಯಾರೂ ಕೇಳಿಲ್ಲ. ಅದಕ್ಕೆಲ್ಲ ಮೊಬೈಲ್ ಇದೆ. ಕೇಳಿರುವುದು ಎರಡೇ: ಪಾಸ್‌ಪೋರ್ಟ್ ಸಾಲು, ರದ್ದಾಗುವ ವಿಮಾನ. ನಾನು ಬೆಂಗಳೂರಿನ ಒಂದು ಟಿಕೆಟ್ ಕೌಂಟರ್ ಹಿಂದೆ 28 ವರ್ಷ ಕೂತವಳು. ಈ ಎರಡರ ವಿಷಯದಲ್ಲಿ ಸಾಕಷ್ಟು ಬೈಗುಳ ತಿಂದಿದ್ದೇನೆ, ಹಾಗಾಗಿ ಸ್ವಲ್ಪ ಗೊತ್ತು.

ಪ್ರಶ್ನೆ: ಮೇಡಂ, ಯುಗಾದಿ ರಜೆಗೆ ನಾವು ನಾಲ್ಕು ಜನ ಬಾಲಿಗೆ ಹೋಗೋಣ ಅಂತಿದ್ದೇವೆ. ಮಾರ್ಚ್ 15ಕ್ಕೆ ಹೋಗುವ ಟಿಕೆಟ್ ಸಿಗುತ್ತಿದೆ. 19ಕ್ಕೆ ವಾಪಸ್ ಹೊರಡುವ ಟಿಕೆಟ್ ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಎಲ್ಲಾ ತುಂಬಿಬಿಟ್ಟಿದೆಯಾ? ಅಲ್ಲಿ ಜ್ವಾಲಾಮುಖಿ ಬೂದಿ ಅಂತ ಬೇರೆ ಪದೇ ಪದೇ ಸುದ್ದಿ ಬರುತ್ತದೆ. ಧೈರ್ಯ ಮಾಡಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ತುಂಬಿಲ್ಲ. ಅವತ್ತು ವಿಮಾನವೇ ಇಲ್ಲ.

ಬಾಲಿಯ ಹಿಂದೂಗಳಿಗೂ ಶಕ ವರ್ಷವೇ ಲೆಕ್ಕ. ಅವರ ಹೊಸ ವರ್ಷದ ಹಬ್ಬ ನ್ಯೇಪಿ. ಕೆಲವು ವರ್ಷ ಅದು ನಮ್ಮ ಯುಗಾದಿಗಿಂತ ಒಂದು ದಿನ ಹಿಂದೆ ಬರುತ್ತದೆ, ಕೆಲವು ವರ್ಷ ಒಂದು ತಿಂಗಳೇ ಹಿಂದೆ. ಈ ಸಲ 2026ರ ಮಾರ್ಚ್ 19, ಗುರುವಾರ, ಎರಡೂ ಒಂದೇ ದಿನ. ಅವರಿಗೂ ಶಕ 1948, ನಮಗೂ 1948. ಆಚರಣೆ ಮಾತ್ರ ತದ್ವಿರುದ್ಧ. ನಾವು ಎಣ್ಣೆ ನೀರು, ಹೋಳಿಗೆ ಅಂತ ಗಡಿಬಿಡಿ ಮಾಡುತ್ತೇವೆ. ಅವರು ಬೆಂಕಿ ಹಚ್ಚುವುದಿಲ್ಲ, ದೀಪ ಹಾಕುವುದಿಲ್ಲ, ಕೆಲಸ ಮಾಡುವುದಿಲ್ಲ, ಮನೆ ಬಿಟ್ಟು ಹೊರಡುವುದಿಲ್ಲ. ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಇಡೀ ದ್ವೀಪ ಮೌನ. ಡೆನ್‌ಪಸಾರ್‌ನ ಙುರಾಹ್ ರಾಯ್ ವಿಮಾನ ನಿಲ್ದಾಣವೂ 24 ಗಂಟೆ ಬಾಗಿಲು ಹಾಕುತ್ತದೆ. ಮೊಬೈಲ್ ಇಂಟರ್ನೆಟ್ಟೂ ನಿಲ್ಲುತ್ತದೆ. ಪ್ರವಾಸಿಗಳು ಹೋಟೆಲ್ ಕಾಂಪೌಂಡ್ ದಾಟುವ ಹಾಗಿಲ್ಲ, ದಾಟಿದರೆ ಪೆಚಲಾಂಗ್ ಅನ್ನುವ ಊರ ಕಾವಲಿನವರು ಮರ್ಯಾದೆಯಿಂದ ವಾಪಸ್ ಕಳಿಸುತ್ತಾರೆ.

ಹಾಗಾಗಿ 21ಕ್ಕೆ ಅಥವಾ ಆಮೇಲೆ ಹೊರಡುವ ಟಿಕೆಟ್ ನೋಡಿ. 20ನೇ ತಾರೀಕು ಬೇಡ ಅನ್ನುತ್ತೇನೆ. ಹಿಂದಿನ ದಿನ ನಿಂತವರೆಲ್ಲ ಅವತ್ತು ಒಟ್ಟಿಗೇ ಬರುತ್ತಾರೆ. ಬೇವು ಬೆಲ್ಲ ಮನೆಯಿಂದಲೇ ಪೊಟ್ಟಣ ಕಟ್ಟಿಕೊಂಡು ಹೋಗಿ, ಹೋಟೆಲ್ ರೂಮಲ್ಲಿ ಸದ್ದಿಲ್ಲದೆ ತಿನ್ನಿ. ಹಿಂದಿನ ಸಂಜೆ, ಅಂದರೆ 18ಕ್ಕೆ, ಓಗೊ-ಓಗೊ ಅಂತ ದೊಡ್ಡ ದೊಡ್ಡ ರಾಕ್ಷಸ ಬೊಂಬೆಗಳ ಮೆರವಣಿಗೆ ಇರುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ.

ಈಗ ಬೂದಿಯ ವಿಷಯ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನೇ ಸಿಕ್ಕಿಬಿದ್ದಿದ್ದೆ.

2017ರ ನವೆಂಬರ್‌ನಲ್ಲಿ 14 ಜನರ ಗುಂಪು ಕರೆದುಕೊಂಡು ಹೋಗಿದ್ದೆ. 27ನೇ ತಾರೀಕು ಸೋಮವಾರ ವಾಪಸ್ ಹೊರಡಬೇಕು. ಅವತ್ತು ಬೆಳಿಗ್ಗೆಯೇ ಅಗುಂಗ್ ಪರ್ವತದ ಬೂದಿಯಿಂದಾಗಿ ನಿಲ್ದಾಣ ಮುಚ್ಚಿತು. ನಿಲ್ದಾಣದ ನೆಲದ ಮೇಲೆ ಸೂಟ್‌ಕೇಸ್ ತಲೆದಿಂಬು ಮಾಡಿಕೊಂಡು ಜನ ಮಲಗಿದ್ದರು. ನಮ್ಮ ಗುಂಪು ಎರಡಾಯಿತು. ಎಂಟು ಜನ ಹೋಟೆಲಿಗೆ ವಾಪಸಾದರು. ಆರು ಜನ ತಡೆಯಲಾರದೆ ರಸ್ತೆ ಹಿಡಿದರು, ಅವರ ಜೊತೆ ನಾನೂ ಹೋದೆ. ವ್ಯಾನಿನಲ್ಲಿ ಪಶ್ಚಿಮದ ತುದಿ ಗಿಲಿಮಾನುಕ್‌ಗೆ, ಅಲ್ಲಿಂದ ಫೆರ್ರಿಯಲ್ಲಿ ಜಾವಾದ ಕೆತಾಪಾಂಗ್‌ಗೆ, ಮತ್ತೆ ರಾತ್ರಿಯೆಲ್ಲ ರಸ್ತೆ, ಸುರಬಾಯಾ ವಿಮಾನ ನಿಲ್ದಾಣಕ್ಕೆ. ಫೆರ್ರಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಆದರೆ ಅದಕ್ಕಾಗಿ ಕಾದದ್ದು ಮೂರು ಗಂಟೆ. 29ರ ಮಧ್ಯಾಹ್ನ ಬಾಲಿ ನಿಲ್ದಾಣ ತೆರೆದೇ ಬಿಟ್ಟಿತು. ಹೋಟೆಲಲ್ಲಿ ಕೂತು ಇಡ್ಲಿ ಇಲ್ಲ ಅಂತ ಗೊಣಗಿದವರು ನಮಗಿಂತ ಒಂದೇ ದಿನ ತಡವಾಗಿ ಬೆಂಗಳೂರು ಸೇರಿದರು. ನಮ್ಮ ಸೊಂಟ ಸರಿಯಾಗಲು ಒಂದು ವಾರ ಹಿಡಿಯಿತು.

ನಿಜವಾಗಿ ದುಡ್ಡು ಕಳಕೊಂಡದ್ದು ಒಂದೇ ಜೋಡಿ. ಅವರು ನನ್ನ ಮಾತು ಕೇಳದೆ ಬಾಲಿಯಿಂದ ಕೌಲಾಲಂಪುರಕ್ಕೆ ಒಂದು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ತೆಗೆದಿದ್ದರು, ಎರಡೂ ಸೇರಿ ಆರು ಸಾವಿರ ಉಳಿಯಿತು ಅಂತ. ಮೊದಲ ಕಂಪನಿ ಬೇರೆ ದಿನಕ್ಕೆ ಬದಲಿಸಿಕೊಟ್ಟಿತು. ಎರಡನೆಯ ಕಂಪನಿಗೆ ಬೂದಿಯ ಹಂಗೇ ಇಲ್ಲ. ಅವರ ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತ್ತು. ಇವರು ಬರಲಿಲ್ಲ, ಅಷ್ಟೇ. ಟಿಕೆಟ್ ಮೇಲೆ ನೋ-ಶೋ ಅಂತ ಬಿತ್ತು.

ಈಚೆಗೆ ತೊಂದರೆ ಕೊಡುತ್ತಿರುವುದು ಅಗುಂಗ್ ಅಲ್ಲ, ಫ್ಲೋರೆಸ್ ದ್ವೀಪದ ಲೆವೊಟೊಬಿ ಲಕಿ-ಲಕಿ ಜ್ವಾಲಾಮುಖಿ. ಬಾಲಿಯಿಂದ ಸುಮಾರು 800 ಕಿ.ಮೀ. ದೂರ. ಅಷ್ಟು ದೂರದ್ದಕ್ಕೆ ಇಲ್ಲಿ ಯಾಕೆ ರದ್ದು ಅಂತ ಜನ ಸಿಟ್ಟಾಗುತ್ತಾರೆ. ಗಾಳಿ ಪಶ್ಚಿಮಕ್ಕೆ ಬೀಸಿದರೆ ಬೂದಿ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಂತು, 2025ರ ಜೂನ್, ಜುಲೈನಲ್ಲೂ ಬಂತು. ಜೂನ್‌ನಲ್ಲಿ ದೆಹಲಿಯಿಂದ ಬಾಲಿಗೆ ಹೊರಟ ವಿಮಾನವೊಂದು ದಾರಿಯಿಂದಲೇ ದೆಹಲಿಗೆ ಮರಳಿತು. ಅದು ಬೂದಿ ಅಂತ ಕರೆಸಿಕೊಂಡರೂ ಒಲೆಯ ಬೂದಿಯ ಥರ ಅಲ್ಲ. ಪುಡಿಯಾದ ಕಲ್ಲು ಮತ್ತು ಗಾಜು. ಇಂಜಿನ್ ಒಳಗಿನ ಶಾಖಕ್ಕೆ ಗಾಜು ಕರಗಿ, ಒಳಗೇ ಅಂಟಿ ಗಟ್ಟಿಯಾಗುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಹತ್ತಿರ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹೊಕ್ಕು ನಾಲ್ಕಕ್ಕೆ ನಾಲ್ಕೂ ಇಂಜಿನ್ ನಿಂತವು. ವಿಮಾನ ಬೂದಿಯ ಕೆಳಕ್ಕೆ ಇಳಿದ ಮೇಲೆ ಇಂಜಿನ್ ಮತ್ತೆ ಶುರುವಾದವು, ಜಕಾರ್ತಾದಲ್ಲಿ ಎಲ್ಲರೂ ಬದುಕಿ ಇಳಿದರು. ಈಗ ಪೈಲಟ್ ವಾಪಸ್ ತಿರುಗಿಸಿದ ಅಂತ ಬೈಯುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಹೋಗಬಹುದಾ ಅಂದರೆ, ಖಂಡಿತ ಹೋಗಿ. ಟಿಕೆಟ್ ತೆಗೆದ ದಿನವೇ ಇನ್ಶೂರೆನ್ಸ್ ತೆಗೆಯಿರಿ. ಟಿವಿಯಲ್ಲಿ ಬೂದಿ ಕಂಡ ಮೇಲೆ ತೆಗೆದದ್ದಕ್ಕೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಅದು ಗೊತ್ತಿದ್ದ ಅಪಾಯ ಆಗಿಬಿಡುತ್ತದೆ. ಒಂದು ವೇಳೆ ಸಿಕ್ಕಿಬಿದ್ದು ವೀಸಾದ 30 ದಿನ ಮುಗಿಯುವ ಹಾಗಿದ್ದರೆ, ಮುಗಿಯುವ ಮೊದಲೇ ಇಮಿಗ್ರೇಷನ್ ಆಫೀಸಿಗೆ ವಿಮಾನ ರದ್ದಾದ ಪತ್ರ ಹಿಡಿದು ಹೋಗಿ. ಅವಧಿ ಮೀರಿದರೆ ದಂಡ ದಿನಕ್ಕೆ 10 ಲಕ್ಷ ರುಪಿಯಾ, ನಮ್ಮ ರೂಪಾಯಿ ಅಲ್ಲ, ಇಂಡೋನೇಷ್ಯಾದ ದುಡ್ಡು. ಇನ್ನೊಂದು ಮಾತು: ಈ ಸಲ ಯುಗಾದಿಯ ಬೆನ್ನಿಗೇ ರಂಜಾನ್ ಹಬ್ಬ. ಬಾಲಿಯಲ್ಲಿರುವ ಜಾವಾದವರೆಲ್ಲ ಊರಿಗೆ ಹೊರಡುತ್ತಾರೆ, ಗಿಲಿಮಾನುಕ್ ಫೆರ್ರಿಗೆ ಮೈಲಿಗಟ್ಟಲೆ ಸಾಲು. ನ್ಯೇಪಿಯ ದಿನ ಫೆರ್ರಿಯೂ ಬಂದ್. ನಮ್ಮ ಆರು ಜನರ ದಾರಿ ನಿಮಗೆ ಆ ವಾರ ಇಲ್ಲ ಅಂತಲೇ ತಿಳಿಯಿರಿ.

ಇಳಿದ ಮೇಲಿನ ಸಾಲಿಗೆ ಮದ್ದು ಮನೆಯಲ್ಲೇ ಇದೆ. ವೀಸಾ 5 ಲಕ್ಷ ರುಪಿಯಾ, ಬಾಲಿಯ ಪ್ರವಾಸಿ ಶುಲ್ಕ 1.5 ಲಕ್ಷ ರುಪಿಯಾ, ಎರಡನ್ನೂ ಸರ್ಕಾರದ ಸೈಟಿನಲ್ಲೇ ಮೊದಲೇ ಕಟ್ಟಿಬಿಡಿ. ಇಳಿಯುವ ಮೊದಲಿನ ಮೂರು ದಿನದೊಳಗೆ ಅರೈವಲ್ ಕಾರ್ಡ್ ತುಂಬಿ. ಮಕ್ಕಳು ಗೀಚಿದ, ಅಂಚು ಹರಿದ, ನೀರು ಕುಡಿದ ಪಾಸ್‌ಪೋರ್ಟ್ ಇದ್ದರೆ ಹೋಗುವ ಮೊದಲೇ ಬದಲಿಸಿ. ಬಾಲಿಯಲ್ಲಿ ಈ ವಿಷಯಕ್ಕೆ ತುಂಬಾ ಕಟ್ಟುನಿಟ್ಟು.

ಪ್ರಶ್ನೆ: ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಪಾಸ್‌ಪೋರ್ಟಿನಲ್ಲಿ ಇಸಿಆರ್ ಅಂತ ಇದೆ. ಬಾಲಿಗೆ ಹೊರಟರೆ ಏರ್‌ಪೋರ್ಟಲ್ಲಿ ತಡೆಯುತ್ತಾರೆ ಅಂತ ಏಜೆಂಟ್ ಹೆದರಿಸುತ್ತಿದ್ದಾರೆ. 4 ಸಾವಿರ ಕೊಟ್ಟರೆ ಸರಿಮಾಡಿಸುತ್ತಾರಂತೆ.
— ತಿಪಟೂರು

ಉತ್ತರ: ಆ 4 ಸಾವಿರಕ್ಕೆ ಅಮ್ಮನಿಗೆ ಒಂದು ಒಳ್ಳೆ ಸೀರೆ ತೆಗೆದುಕೊಡಿ. ಇಸಿಆರ್ ಅಂದರೆ ಹೊರಡುವ ಮುನ್ನ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು. ಅದು ಕೆಲಸಕ್ಕೆ ಹೋಗುವವರಿಗೆ, ಅದಕ್ಕೆ 18 ದೇಶಗಳ ಪಟ್ಟಿ ಇದೆ. ಇಂಡೋನೇಷ್ಯಾ ಅದರಲ್ಲಿದೆ, ನಿಜ. ಆದರೆ ಪ್ರವಾಸಕ್ಕೆ ಹೋಗುವವರಿಗೆ ಅದು ಅಡ್ಡಿ ಬರುವುದಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಅಮ್ಮನ ಕೈಚೀಲದಲ್ಲೇ ಇಡಿ. ನಿಮ್ಮ ಮೊಬೈಲಲ್ಲಿ ಬೇಡ, ಸಾಲಿನಲ್ಲಿ ನೀವು ಬೇರೆ ಕೌಂಟರಿಗೆ ಹೋಗಿಬಿಟ್ಟರೆ ಅವರು ಕಕ್ಕಾಬಿಕ್ಕಿ ಆಗುತ್ತಾರೆ. ಅಮ್ಮನಿಗೆ 50 ದಾಟಿದ್ದರೆ, ಮುಂದೆ ಪಾಸ್‌ಪೋರ್ಟ್ ಬದಲಿಸುವಾಗ ಆ ಇಸಿಆರ್ ತೆಗೆಸಬಹುದು.

ಪ್ರಶ್ನೆ: ಆ್ಯಪ್‌ನಲ್ಲಿ ಬೆಂಗಳೂರು–ಕೌಲಾಲಂಪುರ–ಬಾಲಿ ಟಿಕೆಟ್ ಅಗ್ಗಕ್ಕೆ ಸಿಕ್ಕಿದೆ. ಕೌಲಾಲಂಪುರದಲ್ಲಿ ಎರಡೂವರೆ ಗಂಟೆ ಅಂತರ. ಮೊದಲ ವಿಮಾನ ಟರ್ಮಿನಲ್ 1, ಎರಡನೆಯದು ಟರ್ಮಿನಲ್ 2. ಸಾಕಾಗುತ್ತದಲ್ವಾ?
— ಶಿವಮೊಗ್ಗ

ಉತ್ತರ: ಸಾಕಾಗುವುದಿಲ್ಲ. ಟಿಕೆಟ್ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಇರಬೇಕು ನೋಡಿ. ಇದ್ದರೆ ನಿಮ್ಮ ಕೈಲಿರುವುದು ಒಂದು ಟಿಕೆಟ್ ಅಲ್ಲ, ಎರಡು. ನೀವು ಇಳಿದು, ಮಲೇಷ್ಯಾದ ಪಾಸ್‌ಪೋರ್ಟ್ ಸಾಲಲ್ಲಿ ನಿಂತು, ಲಗೇಜ್ ಎತ್ತಿಕೊಂಡು, ಇನ್ನೊಂದು ಟರ್ಮಿನಲ್ಲಿಗೆ ಹೋಗಿ, ಮತ್ತೆ ಲಗೇಜ್ ಕೊಟ್ಟು, ಮತ್ತೆ ಹೊರಡುವ ಪಾಸ್‌ಪೋರ್ಟ್ ಸಾಲಲ್ಲಿ ನಿಲ್ಲಬೇಕು. ಚೆಕ್-ಇನ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಉಳಿಯುವುದು ಒಂದೂವರೆ ಗಂಟೆ, ಅದೂ ಮೊದಲ ವಿಮಾನ ಸಮಯಕ್ಕೆ ಬಂದರೆ.

ನಮ್ಮವರಿಗೆ ಮಲೇಷ್ಯಾಕ್ಕೆ ಈಗ ವೀಸಾ ಬೇಡ, ಆದರೆ ಒಳಗೆ ಹೋಗಲು ಡಿಜಿಟಲ್ ಅರೈವಲ್ ಕಾರ್ಡ್ ಬೇಕು. ಅದನ್ನು ಇಳಿಯುವ ಮೊದಲಿನ ಮೂರು ದಿನದೊಳಗೆ ತುಂಬಬೇಕು. ಎಷ್ಟೋ ಜನ ಸಾಲಿನ ತುದಿಗೆ ಬಂದ ಮೇಲೆ ಅಲ್ಲೇ ನಿಂತು ಮೊಬೈಲ್ ಒತ್ತುತ್ತಿರುತ್ತಾರೆ. ಇದೇ ಆಟ ಸಿಂಗಪುರದಲ್ಲಿ ಆಡಿದರೆ ಇನ್ನೂ ಕಷ್ಟ. ಅಲ್ಲಿ ಲಗೇಜ್ ಎತ್ತಿಕೊಳ್ಳಲು ಹೊರಗೆ ಬರಬೇಕಾದರೆ ವೀಸಾ ಬೇಕು.

ಒಂದೇ ಟಿಕೆಟ್ ನಂಬರಿನಲ್ಲಿ ಎರಡೂ ವಿಮಾನ ಇದ್ದರೆ, ಮೊದಲನೆಯದು ತಡವಾದಾಗ ನಿಮ್ಮನ್ನು ಮುಂದಿನದಕ್ಕೆ ಹತ್ತಿಸುವ ತಲೆನೋವು ಕಂಪನಿಯದು. ಬೇರೆ ಬೇರೆ ಇದ್ದರೆ ನಿಮ್ಮದು. ಉಳಿತಾಯ ಎಷ್ಟು ಅಂತ ನೀವು ಬರೆದಿಲ್ಲ. ಎಂಟು ಸಾವಿರಕ್ಕಿಂತ ಕಡಿಮೆಯಾದರೆ ಮರೆತುಬಿಡಿ. ಜಾಸ್ತಿ ಇದ್ದರೆ ಕೌಲಾಲಂಪುರದಲ್ಲಿ ಒಂದು ರಾತ್ರಿ ಉಳಿದು, ಬ್ರಿಕ್‌ಫೀಲ್ಡ್ಸ್‌ನಲ್ಲಿ ದೋಸೆ ತಿಂದು, ಮರುದಿನ ಹೊರಡಿ.

ಪ್ರಶ್ನೆ: ನಮಸ್ಕಾರ. ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ, ಮೂಲ ಹಾಸನ. ಈಸ್ಟರ್ ರಜೆಗೆ ಟೆನೆರಿಫೆಗೆ ಹೊರಟಿದ್ದೇವೆ. ನನ್ನದೂ ಮಕ್ಕಳದೂ ಬ್ರಿಟಿಷ್ ಪಾಸ್‌ಪೋರ್ಟ್, ನನ್ನ ಹೆಂಡತಿಯದು ಭಾರತದ್ದು, ಯುರೋಪಿನ ಷೆಂಗೆನ್ ವೀಸಾ ಇದೆ. ಮಕ್ಕಳಿಗೆ 7 ಮತ್ತು 13. ಯುರೋಪಿನಲ್ಲಿ ಬೆರಳಚ್ಚು ಯಂತ್ರ ಬಂದು ಸಾಲು ಗಂಟೆಗಟ್ಟಲೆ ಆಗುತ್ತಿದೆಯಂತೆ. ವಾಪಸ್ ಬರುವಾಗ ವಿಮಾನ ತಪ್ಪಿದರೆ ಪರಿಹಾರ ಸಿಗುತ್ತದಾ?

ಉತ್ತರ: ಅದರ ಹೆಸರು ಇಇಎಸ್. ಪಾಸ್‌ಪೋರ್ಟಿಗೆ ಠಸ್ಸೆ ಹೊಡೆಯುವ ಬದಲು ಮುಖದ ಫೋಟೊ, ನಾಲ್ಕು ಬೆರಳಿನ ಅಚ್ಚು ತೆಗೆದು ಕಂಪ್ಯೂಟರಿಗೆ ಹಾಕುತ್ತಾರೆ. ಯುರೋಪಿನ 29 ದೇಶಗಳಲ್ಲಿ 2025ರ ಅಕ್ಟೋಬರ್ 12ಕ್ಕೆ ಶುರುವಾಯಿತು. ಹಂತ ಹಂತವಾಗಿ ಹೆಚ್ಚಿಸುತ್ತಾ 2026ರ ಏಪ್ರಿಲ್ 10ಕ್ಕೆ ಪೂರ್ತಿ ಜಾರಿ ಅಂತ ಗೊತ್ತುಮಾಡಿದ್ದಾರೆ. ಈ ವರ್ಷ ಈಸ್ಟರ್ ಏಪ್ರಿಲ್ 5. ನೀವು ಸರಿಯಾಗಿ ಮಧ್ಯಕ್ಕೇ ಹೋಗಿ ಬೀಳುತ್ತಿದ್ದೀರಿ.

ನಿಮ್ಮ ಮನೆಯಲ್ಲೇ ಮೂರು ಥರ ಆಗುತ್ತದೆ. ನೀವೂ 13ರ ಮಗುವೂ ಫೋಟೊ, ಬೆರಳಚ್ಚು ಎರಡೂ ಕೊಡಬೇಕು. 12 ತುಂಬದ ಮಕ್ಕಳಿಗೆ ಬೆರಳಚ್ಚಿಲ್ಲ, ಫೋಟೊ ಸಾಕು. ನಿಮ್ಮ ಹೆಂಡತಿಯ ಬೆರಳಚ್ಚು ವೀಸಾ ತೆಗೆಯುವಾಗಲೇ ಕೊಟ್ಟಾಗಿದೆ, ಹಾಗಾಗಿ ಮುಖ ಮಾತ್ರ. ಭಾರತದ ಪಾಸ್‌ಪೋರ್ಟಿನವರೇ ಬೇಗ ಮುಗಿಸಿ ಆಚೆ ನಿಂತು ಕಾಯುವ ದೃಶ್ಯ ನೆನೆಸಿಕೊಂಡು ನನಗಂತೂ ಖುಷಿ. 28 ವರ್ಷ ಉಲ್ಟಾ ನೋಡಿದ್ದೇ. ಒಮ್ಮೆ ದಾಖಲಾದರೆ ಮೂರು ವರ್ಷ ಇರುತ್ತದೆ, ಮುಂದಿನ ಸಲ ತಾಳೆ ನೋಡುವುದಷ್ಟೇ.

ಹೋಗುವಾಗ ಸಾಲು ಉದ್ದವಾದರೆ ಕಾಲು ನೋವು, ಬೇರೇನಿಲ್ಲ. ಅಪಾಯ ಇರುವುದು ವಾಪಸ್ ಬರುವಾಗ. ಬ್ರಿಟನ್‌ಗೆ ಹೋಗುವ ವಿಮಾನಗಳೆಲ್ಲ ಒಂದರ ಹಿಂದೆ ಒಂದು ಇರುತ್ತವೆ. ಜನ ಭದ್ರತಾ ತಪಾಸಣೆ ಮುಗಿಸಿ ಚಾಕೊಲೇಟ್ ಅಂಗಡಿಯಲ್ಲಿ ಸುತ್ತುತ್ತಾ, ಗೇಟ್ ನಂಬರ್ ಬಂದ ಮೇಲೆ ಏಳುತ್ತಾರೆ. ಆದರೆ ಅಂಗಡಿ ಮತ್ತು ಗೇಟಿನ ನಡುವೆ ಇನ್ನೊಂದು ಪಾಸ್‌ಪೋರ್ಟ್ ಕೌಂಟರ್ ಇದೆ. ನಾಲ್ಕು ವಿಮಾನದವರು ಒಂದೇ ಸಲ ಎದ್ದರೆ ಏನಾಗುತ್ತದೆ ಹೇಳಿ. ನೀವು ಮೊದಲು ಆ ಕೌಂಟರ್ ದಾಟಿಬಿಡಿ, ಆಮೇಲೆ ಕಾಫಿ.

ಪರಿಹಾರ? ಪಾಸ್‌ಪೋರ್ಟ್ ಸಾಲಿನಿಂದ ವಿಮಾನ ತಪ್ಪಿದರೆ ವಿಮಾನ ಕಂಪನಿಯಿಂದ ಪರಿಹಾರ ಹುಟ್ಟುವುದಿಲ್ಲ. ಪೊಲೀಸರ ಸಾಲು ಅವರದಲ್ಲ. ವಿಮಾನವೇ ಕಂಪನಿಯ ತಪ್ಪಿನಿಂದ ಮೂರು ಗಂಟೆಗಿಂತ ತಡವಾಗಿ ತಲುಪಿದರೆ ಪರಿಹಾರ ಕೊಡಿಸುವುದು ಯುರೋಪಿನ 261 ಅನ್ನುವ ನಿಯಮ. ಟೆನೆರಿಫೆ–ಇಂಗ್ಲೆಂಡ್ ದೂರಕ್ಕೆ ತಲೆಗೆ 400 ಯೂರೊ. ಹವಾಮಾನದಿಂದಾದರೆ ಆ 400 ಇಲ್ಲ, ಆದರೆ ಊಟ, ಹೋಟೆಲ್ ಕೊಡಲೇಬೇಕು. ಅಲ್ಲಿನ ಹವಾಮಾನ ಅಂದರೆ ಮಳೆ ಅಂದುಕೊಳ್ಳಬೇಡಿ, ಮರಳು. ಸಹಾರಾದಿಂದ ಕಲಿಮಾ ಅನ್ನುವ ಕೆಂಪು ಧೂಳು ಬರುತ್ತದೆ. 2020ರ ಫೆಬ್ರವರಿಯಲ್ಲಿ ಕೆನರಿ ದ್ವೀಪಗಳ ಎಲ್ಲ ವಿಮಾನ ನಿಲ್ದಾಣಗಳನ್ನೂ ಮುಚ್ಚಿಸಿತ್ತು.

ಹೊರಡುವ ಮೊದಲು ಎರಡು ನೋಡಿಕೊಳ್ಳಿ. ನಿಮ್ಮ ಬ್ರಿಟಿಷ್ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಆಗಿರಬಾರದು, ವಾಪಸಾದ ಮೇಲೆ ಇನ್ನೂ ಮೂರು ತಿಂಗಳು ಉಳಿದಿರಬೇಕು. ನಿಮ್ಮ ಹೆಂಡತಿ ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಿದ್ದರೆ ಆ ನಂಬರನ್ನು ಬ್ರಿಟನ್ನಿನ ಇ-ವೀಸಾ ಖಾತೆಗೆ ಸೇರಿಸಿದ್ದಾರಾ ಕೇಳಿ. ಸೇರಿಸದಿದ್ದರೆ ಟೆನೆರಿಫೆಯ ಚೆಕ್-ಇನ್ನಿನಲ್ಲೇ ನಿಲ್ಲಿಸಬಹುದು. ಆಗ ನೀವು ಮಕ್ಕಳನ್ನು ಕರಕೊಂಡು ಹತ್ತುತ್ತೀರಾ, ಅವರ ಜೊತೆ ನಿಲ್ಲುತ್ತೀರಾ ಅನ್ನುವ ಜಗಳ ಬೇಡ.

ಟೆನೆರಿಫೆ ಅಂದಾಗಲೆಲ್ಲ ನಮ್ಮ ಕಸುಬಿನವರಿಗೆ 1977ರ ಮಾರ್ಚ್ 27 ನೆನಪಾಗುತ್ತದೆ. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದು, ವಿಮಾನಗಳನ್ನೆಲ್ಲ ಈ ದ್ವೀಪದ ಚಿಕ್ಕ ಲೋಸ್ ರೊಡಿಯೊಸ್ ನಿಲ್ದಾಣಕ್ಕೆ ಕಳಿಸಿದರು. ಜಾಗ ಇಲ್ಲದೆ ಕಿಕ್ಕಿರಿದವು. ಮಂಜು ಇಳಿಯಿತು. ಎಲ್ಲರಿಗೂ ಹೊರಡುವ ಅವಸರ. ರನ್‌ವೇ ಮೇಲೆ ಎರಡು 747 ಡಿಕ್ಕಿಯಾಗಿ 583 ಜನ ಸತ್ತರು. ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ, ನೀವು ಇಳಿಯುವುದು ಬಹುಶಃ ಆಮೇಲೆ ಕಟ್ಟಿದ ದಕ್ಷಿಣದ ನಿಲ್ದಾಣದಲ್ಲಿ. ಆದರೆ ಪೈಲಟ್ ‘ಇನ್ನೂ ಕಾಯೋಣ’ ಅಂದಾಗ ನನಗೆ ಸಿಟ್ಟು ಬರದೇ ಇರಲು ಕಾರಣ ಇದೇ.

ಪ್ರಶ್ನೆ: ಮದುವೆ ಮುಗಿದ ವಾರಕ್ಕೆ ಮಾಲ್ಡೀವ್ಸ್. ಮಾಲೆಗೆ ಸಂಜೆ 4.40ಕ್ಕೆ ಇಳಿಯುತ್ತೇವೆ. ರೆಸಾರ್ಟಿಗೆ ಸೀ-ಪ್ಲೇನ್. ಇಮಿಗ್ರೇಷನ್ ಸಾಲು ಎಷ್ಟೊತ್ತು?
— ಹುಬ್ಬಳ್ಳಿ

ಉತ್ತರ: ಸಾಲು ಐದೇ ನಿಮಿಷದ್ದಾದರೂ ನಿಮಗೆ ಪ್ರಯೋಜನ ಇಲ್ಲ. ಸೀ-ಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ, ಅಲ್ಲಿ ಆರರ ಸುಮಾರಿಗೆ ಕತ್ತಲು. ಮೂರೂವರೆಯ ನಂತರ ಇಳಿದವರಿಗೆ ಅವತ್ತು ಸೀಟು ಸಿಗುವುದು ಕಷ್ಟ. ಮೊದಲ ರಾತ್ರಿ ವಿಮಾನ ನಿಲ್ದಾಣದ ಪಕ್ಕದ ಹುಲುಮಾಲೆಯ ಯಾವುದಾದರೂ ಲಾಡ್ಜಿನಲ್ಲಿ ಕಳೆಯಬೇಕಾಗುತ್ತದೆ, ಆದರೆ ರೆಸಾರ್ಟಿನವರು ಆ ರಾತ್ರಿಯ ದುಡ್ಡನ್ನೂ ಹಿಡಿಯುತ್ತಾರೆ. ಟಿಕೆಟ್ ಬದಲಿಸಿ ಮಧ್ಯಾಹ್ನದೊಳಗೆ ಇಳಿಯಿರಿ, ಇಲ್ಲವೇ ಸ್ಪೀಡ್ ಬೋಟ್ ಹೋಗುವ ಹತ್ತಿರದ ದ್ವೀಪ ಹಿಡಿಯಿರಿ. ವೀಸಾ ಇಳಿದ ಮೇಲೆ ಪುಕ್ಕಟೆ, 30 ದಿನ. ಇಮುಗಾ ಅನ್ನುವ ಅಲ್ಲಿನ ಸರ್ಕಾರದ ಫಾರಂ ಮಾತ್ರ ಹೊರಡುವ ಮೊದಲಿನ 96 ಗಂಟೆಯೊಳಗೆ ತುಂಬಿ. ಅದೂ ಪುಕ್ಕಟೆ, ದುಡ್ಡು ಕೇಳುವ ಸೈಟು ಬೇರೆಯವರದ್ದು.

ಪ್ರಶ್ನೆ: ನನ್ನ ಮೊಬೈಲಲ್ಲಿ, ಮುಖ ನೋಡಿ ಗೇಟ್ ತೆರೆಯುವ ಡಿಜಿಯಾತ್ರಾ ಆ್ಯಪ್ ಇದೆ. ಆದರೂ ಕೊಲಂಬೊಗೆ ಹೋಗುವಾಗ ಬೆಂಗಳೂರಲ್ಲಿ ಮುಕ್ಕಾಲು ಗಂಟೆ ಪಾಸ್‌ಪೋರ್ಟ್ ಸಾಲಲ್ಲಿ ನಿಲ್ಲಿಸಿದರು. ಇದು ಯಾವ ನ್ಯಾಯ?
— ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಡಿಜಿಯಾತ್ರಾ ದೇಶದೊಳಗಿನ ವಿಮಾನಕ್ಕೆ ಸಾರ್. ಪಾಸ್‌ಪೋರ್ಟ್ ಸಾಲಿಗೆ ಬೇರೆಯದೇ ಇದೆ, ಎಫ್‌ಟಿಐ-ಟಿಟಿಪಿ ಅಂತ ನಾಲಿಗೆ ತಿರುಗದ ಹೆಸರು. ಬೆಂಗಳೂರಲ್ಲಿ 2025ರ ಜನವರಿಯಿಂದ ಇದೆ. ಕೇಂದ್ರ ಗೃಹ ಇಲಾಖೆಯ ಸೈಟಿನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಒಮ್ಮೆ ಬೆರಳಚ್ಚು, ಫೋಟೊ ಕೊಟ್ಟರೆ ಐದು ವರ್ಷ ಇ-ಗೇಟ್ ಮೂಲಕ ಹೋಗಬಹುದು. ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ. ಶುಲ್ಕ ಇಲ್ಲ. ವಯಸ್ಸು 12ರಿಂದ 70. ನಿಮಗೆ 70 ದಾಟಿದ್ದರೆ ಕ್ಷಮಿಸಿ, ಸಾಲೇ ಗತಿ.

ಪ್ರಶ್ನೆ: ಕಳೆದ ಅಕ್ಟೋಬರ್‌ನಲ್ಲಿ ಲಕ್ಷದ್ವೀಪಕ್ಕೆ ಹೋಗಿದ್ದೆವು. ಅಗತ್ತಿಯಿಂದ ವಾಪಸ್ ಬರುವ ದಿನ ಮಳೆ ಅಂತ ವಿಮಾನ ರದ್ದು. ಮರುದಿನದ್ದು ಫುಲ್. ಎರಡು ರಾತ್ರಿ ಹೆಚ್ಚಿಗೆ ಉಳಿದೆವು, 11 ಸಾವಿರ ಕೈಬಿಟ್ಟಿತು. ಕಂಪನಿಯವರು ಟಿಕೆಟ್ ದುಡ್ಡು ಬೇಕಾದರೆ ವಾಪಸ್ ಕೊಡುತ್ತೇವೆ ಅಂದರು, ಅಷ್ಟೇ. ಮೋಸ ಅಲ್ವಾ ಇದು?
— ಉಡುಪಿ

ಉತ್ತರ: ಹೊಟ್ಟೆ ಉರಿಯುವುದು ಸಹಜ, ಆದರೆ ಮೋಸ ಅನ್ನಲಾರೆ. ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ನಿಯಮದ ಪ್ರಕಾರ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು, ಎರಡರಲ್ಲಿ ಒಂದು. ಆರಿಸುವುದು ನೀವು. ಇದರ ಮೇಲೆ ನಗದು ಪರಿಹಾರ, ಪ್ರಯಾಣದ ಹೊತ್ತು ನೋಡಿ 5,000ದಿಂದ 10,000ದವರೆಗೆ, ಇದೆ. ಒಂದು ಕಡೆಯ ಟಿಕೆಟಿನ ಮೂಲ ದರ, ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆಯಾದರೆ ಅಷ್ಟೇ. ಆದರೆ ಕಂಪನಿಯ ಕೈಮೀರಿದ ಕಾರಣಕ್ಕೆ ಅದು ಬರುವುದಿಲ್ಲ, ಮಳೆ ಅಂಥ ಕಾರಣ. ನಿಲ್ದಾಣದಲ್ಲಿ ಕಾಯಿಸಿದ ಹೊತ್ತಿಗೆ ತಿಂಡಿ ಊಟ ಕೊಟ್ಟಿರದಿದ್ದರೆ ಏರ್‌ಸೇವಾ ಅನ್ನುವ ಸರ್ಕಾರದ ದೂರಿನ ಸೈಟಿನಲ್ಲಿ ದೂರು ಕೊಡಿ. ದುಡ್ಡು ವಾಪಸ್ ಅನ್ನುವ ಮಾತಿಗೆ ಕೂಡಲೇ ‘ಆಯ್ತು’ ಅನ್ನಬೇಡಿ. ಅಂದ ಕ್ಷಣಕ್ಕೆ ಅವರ ಜವಾಬ್ದಾರಿ ಮುಗಿಯಿತು, ದ್ವೀಪದಲ್ಲಿ ನೀವು ಟಿಕೆಟ್ ಇಲ್ಲದೆ ನಿಂತಿರುತ್ತೀರಿ.

ಅಗತ್ತಿ ಹೇಗಿದೆ ಅಂತ ನೀವೇ ನೋಡಿದ್ದೀರಿ. ರನ್‌ವೇ ಸುಮಾರು 1,200 ಮೀಟರ್, ಎರಡೂ ಕಡೆ ನೀರು. ದೊಡ್ಡ ವಿಮಾನ ಇಳಿಯಲಾರದು. ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ಅನ್ನುವ ಚಿಕ್ಕ ವಿಮಾನ ಬರುತ್ತದೆ. ಒಂದು ದಿನ ರದ್ದಾದರೆ ಆ ಜನರನ್ನು ಮರುದಿನದ ತುಂಬಿದ ವಿಮಾನಕ್ಕೆ ತುರುಕಲು ಆಗುವುದಿಲ್ಲ. ಬೆಂಗಳೂರಾದರೆ ಬಸ್ಸು, ರೈಲು, ಪಕ್ಕದ ಊರಿನ ನಿಲ್ದಾಣ ಅಂತ ಏನಾದರೂ ಇರುತ್ತದೆ. ದ್ವೀಪಕ್ಕೆ ಇರುವುದು ಒಂದೇ ಬಾಗಿಲು. ಅದು ಮುಚ್ಚಿದರೆ ಮುಚ್ಚಿತು.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಬಂದರಿನ ಹತ್ತಿರ. ಅಪ್ಪ ಅಲ್ಲೊಂದು ಅಕ್ಕಿ ಅಂಗಡಿಯಲ್ಲಿ ಗುಮಾಸ್ತ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಮೇಲೆ ಕೇಂದ್ರಾಡಳಿತಕ್ಕೆ ಹೋದವು. ವ್ಯವಹಾರ ಮಾತ್ರ ಬಿಡಲಿಲ್ಲ. ಮಂಜಿ ಅನ್ನುವ ಮರದ ಹಡಗುಗಳಲ್ಲಿ ಕೊಬ್ಬರಿ ತಂದು ಇಳಿಸಿ ಅಕ್ಕಿ, ತರಕಾರಿ, ಸಿಮೆಂಟ್ ತುಂಬಿಕೊಂಡು ಹೋಗುತ್ತಿದ್ದರು. ಮಳೆಗಾಲದಲ್ಲಿ ಮಂಜಿ ಹೊರಡುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ಅಪ್ಪ ಮನೆಗೆ ಬರುತ್ತಿದ್ದುದೇ ರಾತ್ರಿ ಹತ್ತಕ್ಕೆ. ದ್ವೀಪದವರು ನಾಲ್ಕು ತಿಂಗಳ ಅಕ್ಕಿ ಒಟ್ಟಿಗೆ ಒಯ್ಯುತ್ತಿದ್ದರು. ಅಲ್ಲಿ ಹುಟ್ಟಿದವರೇ ಇಷ್ಟು ತಯಾರಿ ಇಟ್ಟುಕೊಳ್ಳುತ್ತಾರೆ. ನಾವು ಭಾನುವಾರ ಸಂಜೆ ಅಗತ್ತಿ ಬಿಟ್ಟು ಸೋಮವಾರ ಬೆಳಿಗ್ಗೆ ಆಫೀಸಿನ ಮೀಟಿಂಗ್ ಇಟ್ಟುಕೊಂಡಿರುತ್ತೇವೆ. ಮುಂದಿನ ಸಲ ರಜೆಗೆ ಎರಡು ದಿನ, ಜೇಬಿಗೆ ಎರಡು ರಾತ್ರಿಯ ಖರ್ಚು ಹೆಚ್ಚಿಗೆ ಸೇರಿಸಿಕೊಂಡೇ ಹೊರಡಿ. ಲಕ್ಷದ್ವೀಪಕ್ಕೆ ಹೋಗಲು ತೆಗೆಯುವ ಪರ್ಮಿಟ್‌ನ ತಾರೀಕಿನಲ್ಲೂ ಆ ಎರಡು ದಿನ ಬರೆಸಿ.

ಪ್ರಶ್ನೆ: ಎಲ್ಲರಿಗೂ ಬುದ್ಧಿ ಹೇಳುತ್ತೀರಲ್ಲ, ನೀವು ಯಾವತ್ತಾದರೂ ವಿಮಾನ ತಪ್ಪಿಸಿಕೊಂಡಿದ್ದೀರಾ?
— ಶಿರಸಿ

ಉತ್ತರ: ಹೂಂ. 2008ರ ಮೇ 24ಕ್ಕೆ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ಬಿಟ್ಟು ದೇವನಹಳ್ಳಿಗೆ ಹೋದವು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಪ್ರತಿ ಟಿಕೆಟಿನ ಮೇಲೂ ಕೆಂಪು ಪೆನ್ನಿನಲ್ಲಿ ‘ದೇವನಹಳ್ಳಿ, ಎಚ್‌ಎಎಲ್ ಅಲ್ಲ’ ಅಂತ ಬರೆದು ಕೊಟ್ಟವಳು ನಾನೇ. ಜೂನ್ ಮೊದಲ ವಾರ ನನ್ನದೇ ಅಂಡಮಾನ್ ಪ್ರವಾಸ. ಬೆಳಗಿನ ಜಾವ ನಾಲ್ಕಕ್ಕೆ ನಿದ್ದೆಗಣ್ಣಲ್ಲಿ ಟ್ಯಾಕ್ಸಿ ಹತ್ತಿ ‘ಏರ್‌ಪೋರ್ಟ್’ ಅಂದೆ. ಡ್ರೈವರ್ ಹಳಬ, ಅವನಿಗೂ ನಿದ್ದೆ. ಎಚ್‌ಎಎಲ್ ಗೇಟಿನಲ್ಲಿ ಇಳಿದಾಗ ಒಬ್ಬ ಕಾವಲುಗಾರ, ಎರಡು ನಾಯಿ. ದೇವನಹಳ್ಳಿ ಮುಟ್ಟುವಷ್ಟರಲ್ಲಿ ಚೆನ್ನೈ ವಿಮಾನ ಹೋಗಿತ್ತು. ಚೆನ್ನೈಯಿಂದ ಪೋರ್ಟ್ ಬ್ಲೇರ್‌ಗೆ ಹೋಗುವುದೂ ಹೋಗಿತ್ತು.

ಎರಡನ್ನೂ ಬೇರೆ ಬೇರೆ ಟಿಕೆಟ್ ತೆಗೆದಿದ್ದೆ. ಒಂಬೈನೂರು ರೂಪಾಯಿ ಉಳಿದಿತ್ತು.